ಕಂಟ್ರೋಲರ್ ಬಂದ ಮೇಲೆ ನಾನು ಪವರ್ ಇಳಿಸಿದೆ

ಮೊದಲು ನಮ್ಮ ಆಫೀಸಿನಲ್ಲಿ ವೈಫೈ ಪಾಸ್‌ವರ್ಡ್ ಬದಲಿಸಬೇಕೆಂದರೆ ಒಂದೊಂದು ಆಕ್ಸೆಸ್ ಪಾಯಿಂಟಿಗೂ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಬೇರೆ ಬೇರೆ ಲಾಗಿನ್ ಆಗಬೇಕಿತ್ತು. ಎಲ್ಲವನ್ನೂ ಒಂದೇ ಕಡೆಯಿಂದ ನಿಭಾಯಿಸುವ ಕಂಟ್ರೋಲರ್‌ಗೆ ಸೇರಿಸಿದ ಮೇಲೆ ಆ ಗೋಳು ತಪ್ಪಿತು. ವೈಫೈ ಮಾತ್ರ ತಾನಾಗೇ ಚೆನ್ನಾಗಲಿಲ್ಲ.

ಸೇರಿಸುವಾಗಲೇ ಒಂದು ತೊಡಕು. ಪಾಯಿಂಟ್‌ಗಳು ಒಂದು ವಿಲ್ಯಾನ್‌ನಲ್ಲಿ (ನೆಟ್‌ವರ್ಕಿನ ಪ್ರತ್ಯೇಕ ವಿಭಾಗ), ಕಂಟ್ರೋಲರ್ ಇನ್ನೊಂದರಲ್ಲಿ. ಪಾಯಿಂಟ್ ಕಂಟ್ರೋಲರನ್ನು ಹುಡುಕಲು ಕೂಗುವ ಬ್ರಾಡ್‌ಕಾಸ್ಟ್ ರೂಟರ್ ದಾಟುವುದಿಲ್ಲ. ಹಾಗಾಗಿ ಸಾಧನಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯ ಆಪ್ಷನ್ 43ರಲ್ಲಿ ಕಂಟ್ರೋಲರ್ ಐಪಿ ಕೊಟ್ಟೆ. ಅದನ್ನು ಹೆಕ್ಸ್‌ನಲ್ಲಿ (16ರ ಸಂಖ್ಯಾಪದ್ಧತಿ) ಬರೆಯಬೇಕು, ಅದೂ ಕಂಪನಿಗೊಂದು ರೀತಿ: ಯುನಿಫೈಗೆ ಐಪಿಗಿಂತ ಮೊದಲು 01 04, ಸಿಸ್ಕೋಗೆ ಎಫ್1 04. ಪಾಯಿಂಟ್ ಮತ್ತು ಕಂಟ್ರೋಲರ್ ಮಾತಾಡಲು ಕ್ಯಾಪ್‌ವಾಪ್ ಎಂಬ ಪ್ರೋಟೊಕಾಲ್ ಬಳಸುವ ಸಿಸ್ಟಮ್ ಆದರೆ ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 5246, 5247 ಕೂಡ ತೆರೆದಿರಬೇಕು.

ಆಮೇಲೆ ಮಾಡಿದ್ದೆಲ್ಲ ಕಡಿಮೆ ಮಾಡುವ ಕೆಲಸವೇ. ಪಾಯಿಂಟ್ ಸಿಗ್ನಲ್ ಕಳಿಸುವ ಪವರ್ ಜಾಸ್ತಿ ಇಟ್ಟರೆ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಆಗ ಪಾಯಿಂಟಿನ ದನಿ ದೂರದ ಫೋನಿಗೆ ಕೇಳಿಸುತ್ತದೆ, ಫೋನಿನ ದನಿ ಪಾಯಿಂಟಿಗೆ ಕೇಳಿಸುವುದಿಲ್ಲ. ಫುಲ್ ಸಿಗ್ನಲ್ ತೋರಿಸುತ್ತಾ ಕಾಲ್ ಮಾತ್ರ ಕಟ್ ಆಗುತ್ತದೆ. ಮೇಲಾಗಿ ಒಂದು ಪಾಯಿಂಟ್ ಬಿಟ್ಟು ಇನ್ನೊಂದಕ್ಕೆ ಹೋಗುವುದನ್ನು ತೀರ್ಮಾನಿಸುವುದು ಫೋನೇ. ಕಂಟ್ರೋಲರ್ ಸಲಹೆ ಕೊಡಬಹುದು, ಅಷ್ಟೆ. ದೂರದ ಪಾಯಿಂಟ್ ಇನ್ನೂ ಜೋರಾಗಿ ಕೇಳಿಸುತ್ತಿದ್ದರೆ ಫೋನ್ ಅದನ್ನೇ ಹಿಡಿದು ಕೂರುತ್ತದೆ. ಪವರ್ ಇಳಿಸಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಇನ್ನೂ ಜಾಸ್ತಿ ಇಳಿಸಿದೆ, ಫೋನುಗಳು 5 ಗಿಗಾಹರ್ಟ್ಸ್ ಕಡೆ ವಾಲಲಿ ಅಂತ. 2.4ರಲ್ಲಿ ಒಂದರ ಮೇಲೊಂದು ಬೀಳದ 1, 6, 11 ಬಿಟ್ಟು ಬೇರೆ ಚಾನೆಲ್ ಬಳಸಲಿಲ್ಲ, ಅಗಲ 20 ಮೆಗಾಹರ್ಟ್ಸ್ ದಾಟಿಸಲಿಲ್ಲ. ಕಂಟ್ರೋಲರಿನ 'ಆಟೋ' ನನಗೆ ಅಷ್ಟು ಇಷ್ಟವಿಲ್ಲ. ಕೆಲಸದ ಹೊತ್ತಿನಲ್ಲಿ ಚಾನೆಲ್ ಬದಲಿಸಿ ಮೀಟಿಂಗ್ ಕೆಡಿಸುವುದನ್ನು ನೋಡಿದ್ದೇನೆ.

ನೆಟ್‌ವರ್ಕ್ ಹೆಸರುಗಳನ್ನೂ ಕಡಿಮೆ ಮಾಡಿದೆ. ವಿಭಾಗಕ್ಕೊಂದು ಎಸ್‌ಎಸ್‌ಐಡಿ (ಅಂದರೆ ವೈಫೈ ಹೆಸರು) ಕೇಳುವವರು ಇದ್ದೇ ಇರುತ್ತಾರೆ. ಪ್ರತಿ ಎಸ್‌ಎಸ್‌ಐಡಿಯೂ ಸೆಕೆಂಡಿಗೆ ಸುಮಾರು 10 ಬೀಕನ್ (ನಾನಿದ್ದೇನೆ ಎಂದು ಸಾರುವ ಸಂದೇಶ) ಕಳಿಸುತ್ತದೆ. ಅವು ಹೋಗುವುದು ಕಡಿಮೆ ವೇಗದಲ್ಲಿ. ಯಾರೂ ಬಳಸದಿದ್ದರೂ ಸುಮ್ನೆ ಗಾಳಿಯ ಸಮಯ ತಿನ್ನುತ್ತದೆ. ಸಿಬ್ಬಂದಿ, ಅತಿಥಿ, ಪ್ರಿಂಟರ್-ಕ್ಯಾಮೆರಾ: ಮೂರು ಸಾಕು. ಬೀಕನ್ ಬೇಗ ಮುಗಿಯಲಿ ಅಂತ ಕನಿಷ್ಠ ವೇಗವನ್ನು 12 ಎಂಬಿಪಿಎಸ್‌ಗೆ ಏರಿಸಿದೆ. ಹಳೇ ವೈಫೈ ಮಾನದಂಡವಾದ 802.11ಬಿಯ ಸಾಧನ ಇದ್ದವರು ಇದನ್ನು ಮಾಡಬೇಡಿ, ಅದು ಸೇರುವುದೇ ಇಲ್ಲ.

ಕಂಟ್ರೋಲರ್ ಕೆಟ್ಟರೆ ಏನು ಗತಿ ಅಂತ ಕೇಳುತ್ತಾರೆ. ನಮ್ಮಲ್ಲಿ ಡೇಟಾ ಕಂಟ್ರೋಲರ್ ಮೂಲಕ ಹಾಯುವುದಿಲ್ಲ, ಪಾಯಿಂಟಿನಿಂದ ನೇರ ಸ್ವಿಚ್ಚಿಗೆ ಹೋಗುತ್ತದೆ. ಹಾಗಾಗಿ ವೈಫೈ ನಡೆಯುತ್ತಲೇ ಇರುತ್ತದೆ, ಅತಿಥಿಗಳ ಲಾಗಿನ್ ಪುಟ ಮಾತ್ರ ನಿಲ್ಲುತ್ತದೆ. ಕಂಟ್ರೋಲರ್ ಸೆಟ್ಟಿಂಗ್‌ಗಳ ಬ್ಯಾಕಪ್ ಮಾತ್ರ ಬೇರೆ ಕಂಪ್ಯೂಟರಿನಲ್ಲಿರಲಿ.

ಫರ್ಮ್‌ವೇರ್ (ಪಾಯಿಂಟಿನೊಳಗಿನ ಸಾಫ್ಟ್‌ವೇರ್) ವಿಷಯದಲ್ಲಿ 'ಎಲ್ಲವನ್ನೂ ಅಪ್‌ಗ್ರೇಡ್ ಮಾಡು' ಬಟನ್ ನಾನು ಮುಟ್ಟುವುದಿಲ್ಲ. ಜನ ಕಡಿಮೆ ಇರುವ ಕಡೆಯ ಒಂದಕ್ಕೆ ಹಾಕಿ ಕೆಲವು ದಿನ ನೋಡುತ್ತೇನೆ. ಉಳಿದವನ್ನು ರಾತ್ರಿ ಹೊತ್ತು, ಒಂದು ಬಿಟ್ಟು ಒಂದರಂತೆ ಮಾಡುತ್ತೇನೆ. ಆಗ ಒಂದು ರೀಸ್ಟಾರ್ಟ್ ಆಗುವಾಗ ಪಕ್ಕದ್ದು ಸಿಗ್ನಲ್ ಕೊಡುತ್ತಿರುತ್ತದೆ.