ಟ್ರಂಕಿನಲ್ಲಿ ಉಳಿದ ಕೌದಿ ಚೌಕಗಳನ್ನು ಏನು ಮಾಡೋದು?

ನಮ್ಮ ಉತ್ತರ ಕರ್ನಾಟಕದ ಹಳೇ ಮನೆಗಳಲ್ಲಿ ಟ್ರಂಕು ತೆಗೆದರೆ ಅರ್ಧಕ್ಕೇ ನಿಂತ ಕೌದಿ, ಅಂದರೆ ಹಳೇ ಬಟ್ಟೆ ತುಂಡು ಕೂಡಿಸಿ ಹೊಲಿಯೋ ಹೊದಿಕೆ, ಒಂದಾದರೂ ಸಿಗುತ್ತದೆ. ನಮ್ಮತ್ತೆಯ ಟ್ರಂಕಿನಲ್ಲಿ ನನಗೆ ಸಿಕ್ಕಿದ್ದು 22 ಚೌಕ. ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಮಾವನವರ ಧೋತರದ ಅಂಚು, ಯಾರದೋ ಲಂಗದ ತುಂಡು, ಎಲ್ಲಾ ಕೈಹೊಲಿಗೆಯಲ್ಲೇ ಕೂಡಿಸಿದ್ದು. ಇಡೀ ಕೌದಿ ಮಾಡೋಕೆ ಸಾಲದು, ಎಸೆಯೋಕೆ ಮನಸ್ಸು ಬಾರದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಆದ ಗಟ್ಟಿ ಕೌದಿಗೆ ಕತ್ತರಿ ಹಾಕಬೇಡಿ, ಅದು ಹೊದೆಯೋಕೇ ಇರಲಿ. ನಾನು ಹೇಳುತ್ತಿರುವುದು ಬಿಡಿ ಚೌಕಗಳ ಬಗ್ಗೆ, ಇಲ್ಲಾ ಇಲಿ ಕಡಿದು ಹಾಳಾದ ಕೌದಿಯಲ್ಲಿ ಉಳಿದ ಒಳ್ಳೆ ಭಾಗದ ಬಗ್ಗೆ.

ತೊಳೆಯೋದರಲ್ಲೇ ನಾನು ಕೆಟ್ಟೆ. ನಾಲ್ಕು ಚೌಕ ಸುಮ್ನೆ ಮಷೀನಿಗೆ ಹಾಕಿದೆ, ಕೆಂಪು ಖಣ ಬಣ್ಣ ಬಿಟ್ಟು ಬಿಳೀ ಧೋತರದ ತುಂಡೆಲ್ಲಾ ಗುಲಾಬಿ ಆಯಿತು. ಈಗ ಬಿಳೀ ಬಟ್ಟೆ ಒದ್ದೆ ಮಾಡಿ ಪ್ರತಿ ಬಣ್ಣದ ಮೇಲೂ ಒತ್ತಿ ನೋಡುತ್ತೇನೆ. ಬಣ್ಣ ಹತ್ತಿದರೆ ತೊಳೆಯೋದೇ ಇಲ್ಲ, ನೆರಳಲ್ಲಿ ಗಾಳಿಗೆ ಹಾಕುತ್ತೇನೆ, ಅಷ್ಟೇ. ಹತ್ತದಿದ್ದರೆ ತಣ್ಣೀರು, ಚೂರು ಸೋಪು, ಹಿಂಡಬಾರದು. ಆಮೇಲೆ ಕಿಟಕಿಗೆ ಹಿಡಿದು ನೋಡಿ, ಎಲ್ಲಿ ಬೆಳಕು ಜಾಸ್ತಿ ತೂರಿ ಬರುತ್ತದೋ ಅಲ್ಲಿ ಬಟ್ಟೆ ಸವೆದಿದೆ ಅಂತ ಅರ್ಥ. ಇಳಕಲ್ ಸೀರೆಯ ಒಡಲು ಹತ್ತಿಯದಾದರೆ ಗಟ್ಟಿ ಇರುತ್ತದೆ, ರೇಷ್ಮೆ ಸೆರಗು ಮಾತ್ರ ಮಡಿಕೆಯಲ್ಲೇ ಸೀಳುತ್ತದೆ.

ಸವೆದ ಚೌಕಕ್ಕೆ ಹಿಂದೆ ಹಳೇ ಧೋತರ ಕೊಟ್ಟು ಹೊಲಿಯಿರಿ. ಹೊಸ ಬಟ್ಟೆನೇ ಹಾಕೋದಾದರೆ ಎರಡು ಸಲ ತೊಳೆದು ಹಾಕಿ, ಇಲ್ಲದಿದ್ದರೆ ಆಮೇಲೆ ಅದು ಕುಗ್ಗಿ ಹಳೇದನ್ನೂ ಎಳೆದು ಸುಕ್ಕು ಮಾಡುತ್ತದೆ. ಹತ್ತಿ ದಾರನೇ ಬಳಸಿ. ನೈಲಾನ್ ದಾರ ಗಟ್ಟಿ ನಿಜ, ಆದರೆ ಹಳೇ ಬಟ್ಟೆಯನ್ನು ಕೊಯ್ದುಬಿಡುತ್ತದೆ.

ಇನ್ನು ಏನು ಮಾಡಬಹುದು? ದಿಂಬಿನ ಕವರು ಎಲ್ಲರಿಗೂ ಹೊಳೆಯುತ್ತದೆ, ಬಿಡಿ. ನನಗೆ ಹಿಡಿಸಿದ್ದು ರೊಟ್ಟಿ ಬುಟ್ಟಿಯ ಹಾಸು. ಎರಡು ಚೌಕದ ನಡುವೆ ಹಳೇ ಟವಲು ಇಟ್ಟು ಹೊಲಿದರೆ ಬಿಸಿ ರೊಟ್ಟಿ ಬೆವರಿದರೂ ನೀರನ್ನು ಅದೇ ಹೀರಿಕೊಳ್ಳುತ್ತದೆ. ಇದಕ್ಕೆ ಬಣ್ಣ ಬಿಡದ ಹತ್ತಿ ತುಂಡೇ ಆಗಬೇಕು. ಬಿಸಿ ಪಾತ್ರೆ ಹಿಡಿಯೋ ಬಟ್ಟೆಗೂ ಹಾಗೇ, ಒಂದು ಎಳೆ ತೆಗೆದು ಸುಟ್ಟು ನೋಡಿ. ಕಾಗದದ ಹಾಗೆ ಉರಿದು ಬೂದಿ ಆದರೆ ಹತ್ತಿ, ಕರಗಿ ಮಣಿಯಾದರೆ ಪಾಲಿಯೆಸ್ಟರ್, ಅದು ಒಲೆ ಹತ್ತಿರ ಬೇಡವೇ ಬೇಡ. ಮೊಮ್ಮಗಳಿಗೆ ಮೆತ್ತಗಿನ ನಾಲ್ಕು ಚೌಕ ಕೂಡಿಸಿ ಕುಂಚಿಗೆ (ಬೆನ್ನಿನ ಮೇಲೂ ಇಳಿಯೋ ಕೂಸಿನ ಟೋಪಿ) ಮಾಡಿದೆ, ಅದರ ಫೋಟೋ ಇಡೀ ಬಳಗ ಸುತ್ತಿತು.

ಅಂಚು ಬಿಚ್ಚಿಕೊಂಡ ಚೌಕಕ್ಕೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಉಪಾಯ ಚಂದ. ಯಲ್ಲಾಪುರ, ಹಳಿಯಾಳದ ಕಡೆ ಅವರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವಿನ ಹಾಗೆ ಕೂಡಿಸುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಅನ್ನೋದು ಅವರ ಲೆಕ್ಕ! ಹರಿದ ಮೂಲೆ ಮುಚ್ಚೋಕೆ ನಾನೂ ಹಾಗೇ ಮಾಡುತ್ತೇನೆ.

ಇಳಕಲ್ ಸೀರೆಯಲ್ಲಿ ಒಡಲಿನ ನೂಲಿಗೆ ಸೆರಗಿನ ನೂಲು ಕೊಂಡಿ ಹಾಕಿ ಕೂಡಿಸಿರುತ್ತಾರಲ್ಲ, ಆ ಜಾಗ ಇರುವ ಚೌಕ ಸಿಕ್ಕರೆ ಬಳಸಬೇಡಿ, ಫ್ರೇಮ್ ಹಾಕಿಸಿ. ಅಂಟು ಹಚ್ಚಬಾರದು, ಬಿಳೀ ಬಟ್ಟೆಗೆ ನಾಲ್ಕು ಟಾಕು ಹಾಕಿ ಕೂಡಿಸಬೇಕು. ಗಾಜು ಬಟ್ಟೆಗೆ ತಾಗಬಾರದು, ಬಿಸಿಲು ಬೀಳೋ ಗೋಡೆಯೂ ಬೇಡ.

ಚಿಂದಿ ಉಳಿದರೆ ಉದ್ದಕ್ಕೆ ಹೆಣೆದು ಸಿಂಬೆ ಮಾಡಿ, ಮಣ್ಣಿನ ಗಡಿಗೆ ಅಲ್ಲಾಡದೆ ಕೂರುತ್ತದೆ.

ನನ್ನ ಹತ್ತಿರ ಇನ್ನೂ ಐದು ಚೌಕ ಇವೆ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಮುಗ್ಗಲು ಹಿಡಿಯುತ್ತದೆ ಅಂತ ಧೋತರದಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಹಾಕಿ ಇಟ್ಟಿದ್ದೇನೆ. ದಸರೆಗೆ ಹಾಸಿಗೆ ಒಗೆಯುವಾಗ ಅವನ್ನೂ ತೆಗೆದು, ಮಡಿಕೆ ಬದಲಿಸಿ ಇಡುತ್ತೇನೆ.