ವ್ಯಾಸಲ್‌ಗೆ ಯುದ್ಧದಾಟದ ನಕ್ಷೆ ಹಾಕುವಾಗ

ವ್ಯಾಸಲ್ ಅಂದರೆ ಬೋರ್ಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡುವ ತಂತ್ರಾಂಶ; ಅದರಲ್ಲಿ ಒಂದೊಂದು ಆಟದ ಫೈಲಿಗೆ ಮಾಡ್ಯೂಲ್ ಅನ್ನುತ್ತಾರೆ. ನನ್ನ ಮೊದಲ ವ್ಯಾಸಲ್ ಮಾಡ್ಯೂಲ್‌ಗೆ 22×34 ಇಂಚಿನ ನಕ್ಷೆಯನ್ನು 300 ಡಿಪಿಐನಲ್ಲೇ (ಇಂಚಿಗೆ 300 ಚುಕ್ಕಿ) ತುರುಕಿದ್ದೆ. ಅಂದರೆ 6600×10200 ಪಿಕ್ಸೆಲ್, ಮೆಮೊರಿಯಲ್ಲಿ ಸುಮಾರು 270 ಎಂಬಿ! ಗೆಳೆಯನ ಹಳೇ ಲ್ಯಾಪ್‌ಟಾಪ್ ಅಲ್ಲೇ ಹ್ಯಾಂಗ್ ಆಯಿತು. ಈಗ 150ಕ್ಕೆ ಇಳಿಸುತ್ತೇನೆ. ಸೇನಾ ತುಕಡಿ ತೋರಿಸುವ ಅರ್ಧ ಇಂಚಿನ ರಟ್ಟಿನ ಬಿಲ್ಲೆಗೆ, ಅಂದರೆ ಕೌಂಟರ್‌ಗೆ 75 ಪಿಕ್ಸೆಲ್ ಸಿಗುತ್ತದೆ, ಅಂಕಿ ಓದಲು ಅಷ್ಟು ಸಾಕು ಅಲ್ವಾ?

ಆದರೆ ಸ್ಕ್ಯಾನ್ ಮಾತ್ರ 600ರಲ್ಲೇ ಮಾಡಿ. ಕಡಿಮೆಯಾದರೆ ಅಚ್ಚಿನ ಚುಕ್ಕಿಗಳು ಅಲೆಅಲೆಯಾಗಿ ಕಾಣುತ್ತವೆ. ಮೊದಲು ಸ್ವಲ್ಪ ಬ್ಲರ್ ಮಾಡಿ, ಆಮೇಲೆ ಚಿಕ್ಕದು ಮಾಡಿ, ಕೊನೆಗೆ ಹದವಾಗಿ ಶಾರ್ಪನ್. ತುಂಡು ತುಂಡಾಗಿ ಸ್ಕ್ಯಾನ್ ಮಾಡುವವರು ಆಟೋ ಕಲರ್ ಆಫ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದೇ ಕಾಡಿಗೆ ನಾಲ್ಕು ಬಗೆಯ ಹಸಿರು ಬರುತ್ತದೆ, ನನಗೆ ಬಂದಿತ್ತು. ಕೌಂಟರ್‌ಗಳಿಗೆ ಪಿಎನ್‌ಜಿಯೇ ಸರಿ. ಜೆಪೆಗ್ ಮಾಡಿದರೆ ಅಂಕಿಗಳ ಸುತ್ತ ಕೊಳೆ ಕೂತಂತೆ ಕಾಣುತ್ತದೆ.