ಸ್ಮಾರ್ಟ್ ಮೀಟರ್ ಮನೆಗೆ ಬೇಕೇ? ಹಣ ಕಟ್ಟುವ ಮುನ್ನ ಹಾಕಬೇಕಾದ ಲೆಕ್ಕ

ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯು 2025ರ ಫೆಬ್ರುವರಿ 15ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿತು. ಅದುವರೆಗೆ ಒಂದು ಸಾವಿರ ರೂಪಾಯಿಯೊಳಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿಗೆ ಸುಮಾರು 5,000 ರೂಪಾಯಿ ತೆರಬೇಕಾಗಿ ಬಂದಾಗ ಬೆಲೆಯ ತಕರಾರು ಹೈಕೋರ್ಟಿನವರೆಗೂ ಹೋಯಿತು. ಹೊಸದಾಗಿ ಮನೆ ಕಟ್ಟಿದವರಿಗೆ ಇಲ್ಲಿ ಆಯ್ಕೆಯಿಲ್ಲ. ಆದರೆ ಈಗಾಗಲೇ ಸಂಪರ್ಕ ಪಡೆದಿರುವ, ಗೋಡೆಯ ಮೇಲೆ ಸಾಧಾರಣ ಡಿಜಿಟಲ್ ಮೀಟರ್ ಇರುವ ಕುಟುಂಬಗಳು ಅದನ್ನು ಬದಲಾಯಿಸಿಕೊಳ್ಳಬೇಕೇ ಎಂಬುದನ್ನು ತಾವೇ ಲೆಕ್ಕ ಹಾಕಿ ನಿರ್ಧರಿಸಬಹುದು. ಅದಕ್ಕೆ ಬೇಕಾಗುವುದು ಹಳೆಯ ಬಿಲ್ಲುಗಳು, ಒಂದು ನೋಟುಪುಸ್ತಕ ಮತ್ತು ಒಂದು ತಿಂಗಳ ತಾಳ್ಮೆ.

ಸ್ಮಾರ್ಟ್ ಮೀಟರ್ ಹೆಚ್ಚುವರಿಯಾಗಿ ಏನು ಮಾಡುತ್ತದೆ ಎಂಬುದು ಮೊದಲು ತಿಳಿದಿರಬೇಕು. ವಿದ್ಯುತ್ತನ್ನು ಅಳೆಯುವ ವಿಧಾನದಲ್ಲಿ ಅದಕ್ಕೂ ಈಗಿನ ಎಲೆಕ್ಟ್ರಾನಿಕ್ ಮೀಟರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೊಸತಾಗಿರುವುದು ಮೂರು ಭಾಗಗಳು: 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ದಾಖಲಿಸುವ ಮೆಮೊರಿ, ಆ ದಾಖಲೆಯನ್ನು ಸಿಮ್ ಅಥವಾ ರೇಡಿಯೊ ಜಾಲದ ಮೂಲಕ ಕಂಪನಿಗೆ ಕಳುಹಿಸುವ ವ್ಯವಸ್ಥೆ, ಮತ್ತು ಕಚೇರಿಯಿಂದಲೇ ಸಂಪರ್ಕವನ್ನು ಕಡಿಯಲು, ಮರಳಿ ಕೊಡಲು ಬರುವ ಸ್ವಿಚ್ಚು. ಮೀಟರ್ ರೀಡರ್ ಬಾರದಿದ್ದರೂ ಬಿಲ್ ಬರುತ್ತದೆ. ಮನೆಯವರು ಮೊಬೈಲಿನಲ್ಲಿ ನಿನ್ನೆ ಎಷ್ಟು ಯೂನಿಟ್ ಉರಿಯಿತು ಎಂದು ನೋಡಬಹುದು. ಯೂನಿಟ್ ಉಳಿಸುವ ಕೆಲಸವನ್ನು ಮಾತ್ರ ಮೀಟರ್ ಮಾಡುವುದಿಲ್ಲ. ಆ ಅಂಕಿಯನ್ನು ನೋಡಿ ಗೀಸರಿನ ಸ್ವಿಚ್ ಆರಿಸುವವರು ಮನೆಯವರೇ. ಮನೆಯೊಳಗೆ ಇಟ್ಟುಕೊಳ್ಳುವ ಪುಟ್ಟ ಪರದೆಯನ್ನೂ ಮೀಟರಿನ ಜೊತೆಗೇ ಕೊಡುವ ಬ್ರಿಟನ್ನಿನಲ್ಲಿ, ಅಲ್ಲಿನ ಸರ್ಕಾರ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ವಿದ್ಯುತ್ ಬಳಕೆ ಇಳಿದದ್ದು ನೂರಕ್ಕೆ 2ರಿಂದ 3ರಷ್ಟು ಮಾತ್ರ. ಮುಂದಿನ ಲೆಕ್ಕಕ್ಕೆ ಈ ಅಂಕಿಯೇ ಆಧಾರ.

ಮೊದಲ ಹೆಜ್ಜೆ: ಹನ್ನೆರಡು ಬಿಲ್ಲುಗಳು

ಕಳೆದ ಒಂದು ವರ್ಷದ ಬಿಲ್ಲುಗಳನ್ನು ಒಟ್ಟುಮಾಡಿ, ಪ್ರತಿ ತಿಂಗಳ ಯೂನಿಟ್ಟನ್ನು ಒಂದರ ಕೆಳಗೊಂದು ಬರೆದುಕೊಳ್ಳಬೇಕು. ಕಾಗದದ ಬಿಲ್ ಕಳೆದುಹೋಗಿದ್ದರೆ ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಅಥವಾ ಖಾತೆ ಸಂಖ್ಯೆಯನ್ನು ಕೊಟ್ಟು ವಿದ್ಯುತ್ ಸರಬರಾಜು ಕಂಪನಿಯ (ಎಸ್ಕಾಂ) ಜಾಲತಾಣದಲ್ಲಿ ನೋಡಬಹುದು. ಸರಾಸರಿಯ ಜೊತೆಗೆ ಅತಿ ಹೆಚ್ಚು ಬಳಸಿದ ತಿಂಗಳು ಯಾವುದು, ಅದಕ್ಕೆ ಕಾರಣವೇನು ಎಂಬುದನ್ನೂ ಗುರುತಿಸಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಏರಿದ್ದರೆ ಫ್ಯಾನು, ಎಸಿ. ಮಳೆಗಾಲ ಮತ್ತು ಚಳಿಯಲ್ಲಿ ಏರಿದ್ದರೆ ಬಹುಮಟ್ಟಿಗೆ ಸ್ನಾನದ ನೀರು. ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದನ್ನೂ ಬರೆದಿಟ್ಟುಕೊಳ್ಳುವುದು ಒಳಿತು. ಒಂದೇ ಒಂದು ಯೂನಿಟ್ ಬಳಸದಿದ್ದರೂ ಪ್ರತಿ ಕಿಲೋವ್ಯಾಟಿಗೆ ಇಷ್ಟೆಂದು ಕಟ್ಟಬೇಕಾದ ನಿಗದಿತ ಶುಲ್ಕವನ್ನು ಯಾವ ಮೀಟರೂ ತಗ್ಗಿಸಲಾರದು.

ಎರಡನೆಯ ಹೆಜ್ಜೆ: ಈಗಿರುವ ಮೀಟರನ್ನು ಓದುವುದು

ಸ್ಮಾರ್ಟ್ ಮೀಟರ್ ಕೊಡುವ ಮಾಹಿತಿಯ ಬಹುಭಾಗವನ್ನು ಈಗಿನ ಮೀಟರಿನಿಂದಲೇ ಪಡೆಯಬಹುದೆಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ಮೀಟರಿನ ಪರದೆಯಲ್ಲಿ ದಿನಾಂಕ, ವೋಲ್ಟೇಜ್, ಗರಿಷ್ಠ ಬೇಡಿಕೆ (ಒಂದೇ ಹೊತ್ತಿಗೆ ಮನೆ ಎಳೆದ ಅತಿ ಹೆಚ್ಚಿನ ಲೋಡ್) ಮುಂತಾದವು ಸರದಿಯಂತೆ ಬರುತ್ತಿರುತ್ತವೆ. ಕಿಲೋವ್ಯಾಟ್-ಅವರ್ ಎಂಬ ಗುರುತಿನ ಮುಂದೆ ಇರುವ ದೊಡ್ಡ ಸಂಖ್ಯೆಯೇ ಒಟ್ಟು ಯೂನಿಟ್. ರೀಡರ್ ಬಂದುಹೋದ ದಿನದಿಂದ ಆರಂಭಿಸಿ, ಪ್ರತಿದಿನ ಒಂದೇ ಹೊತ್ತಿಗೆ ಆ ಸಂಖ್ಯೆಯನ್ನು ಬರೆದು, ಅದರಿಂದ ಹಿಂದಿನ ದಿನದ ಸಂಖ್ಯೆಯನ್ನು ಕಳೆಯಬೇಕು. ಇಷ್ಟು ಮಾಡಿದರೆ ಒಗೆಯುವ ಯಂತ್ರ ಓಡಿದ ದಿನ, ಇಸ್ತ್ರಿ ಹಾಕಿದ ದಿನ, ನೆಂಟರು ಬಂದ ದಿನ ಯಾವುದೆಂಬುದು ಅಂಕಿಯಲ್ಲೇ ಕಾಣಿಸುತ್ತದೆ.

ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಿಗೆ ಇದರ ಮಹತ್ವ ಇನ್ನೂ ಹೆಚ್ಚು. 2022-23ನೇ ಸಾಲಿನ ಸರಾಸರಿ ಬಳಕೆಗೆ ನೂರಕ್ಕೆ 10ರಷ್ಟು (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆಯಿದ್ದ ಮನೆಗಳಿಗೆ 2024ರಿಂದ 10 ಯೂನಿಟ್) ಸೇರಿಸಿ ಉಚಿತ ಯೂನಿಟ್ ನಿಗದಿಯಾಗಿದೆ. ಅದನ್ನು ಮೀರಿದರೆ ಮೀರಿದ ಯೂನಿಟ್ಟಿಗೆ ಮಾತ್ರ ಹಣ, ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲಿಗೆ ಹಣ. ತೆರಿಗೆ, ಸರ್ಚಾರ್ಜ್ ಸೇರಿ ಯೂನಿಟ್ಟಿಗೆ ಆರು ರೂಪಾಯಿಗೂ ಹೆಚ್ಚು ಬೀಳುವಾಗ, ಉಚಿತ ಯೂನಿಟ್ 200ರ ಹತ್ತಿರವಿರುವ 2 ಕಿಲೋವ್ಯಾಟ್ ಲೋಡಿನ ಮನೆಯಲ್ಲಿ 199 ಮತ್ತು 201ರ ನಡುವಿನ ಅಂತರ ಸುಮಾರು 1,500 ರೂಪಾಯಿ. ಈ ಗೆರೆಯ ಸಮೀಪ ಬದುಕುವ ಕುಟುಂಬಕ್ಕೆ ತಿಂಗಳ ನಡುವೆ ಸಿಗುವ ಮಾಹಿತಿಯೇ ನಿಜವಾದ ಉಳಿತಾಯ. ಹತ್ತನೆಯ ದಿನಕ್ಕೆ 67, ಇಪ್ಪತ್ತನೆಯ ದಿನಕ್ಕೆ 134 ಯೂನಿಟ್ ಆಗಿದ್ದರೆ ಗೆರೆ ದಾಟುವ ದಾರಿಯಲ್ಲಿದ್ದೇವೆಂದು ಅರ್ಥ. ಕೊನೆಯ ಹತ್ತು ದಿನ ಬಿಗಿ ಹಿಡಿಯಬಹುದು. ಮೊಬೈಲಿನಲ್ಲಿ ಇದನ್ನು ನೋಡುವುದು ಸುಲಭ ನಿಜ, ಆದರೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದರೂ ಉತ್ತರ ಬದಲಾಗುವುದಿಲ್ಲ.

ಯಾವ ಉಪಕರಣ ಎಷ್ಟು ನುಂಗುತ್ತದೆ ಎಂಬುದಕ್ಕೆ ಮೀಟರಿನ ಮೇಲೆ ಮಿನುಗುವ ಕೆಂಪು ಎಲ್‌ಇಡಿ ಸಹಾಯಕ್ಕೆ ಬರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಮುದ್ರಿಸಿರುತ್ತಾರೆ. ಹಲವು ಸಿಂಗಲ್ ಫೇಸ್ ಮೀಟರುಗಳಲ್ಲಿ ಅದು 3200. ಆ ಲೆಕ್ಕದಲ್ಲಿ 1,125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಆ ಗಳಿಗೆಯಲ್ಲಿ ಮನೆ ಬಳಸುತ್ತಿರುವ ವ್ಯಾಟ್ ಸಿಗುತ್ತದೆ. ಹತ್ತು ಮಿನುಗಿಗೆ 45 ಸೆಕೆಂಡು ಹಿಡಿದರೆ ಒಂದಕ್ಕೆ ನಾಲ್ಕೂವರೆ ಸೆಕೆಂಡು, ಅಂದರೆ 250 ವ್ಯಾಟ್. ಹೀಗೆ ಒಂದೊಂದೇ ಉಪಕರಣವನ್ನು ಹಾಕಿ ನೋಡುವಾಗ ಅನಿರೀಕ್ಷಿತ ಸಂಗತಿಗಳು ಹೊರಬೀಳುತ್ತವೆ. ರಿಮೋಟಿನಲ್ಲಿ ಮಾತ್ರ ಆರಿಸಿ ಬಿಟ್ಟ ಸೆಟ್‌ಟಾಪ್ ಬಾಕ್ಸ್ 10 ವ್ಯಾಟ್ ಎಳೆದರೂ ತಿಂಗಳಿಗೆ ಏಳು ಯೂನಿಟ್ ದಾಟುತ್ತದೆ. ದಿನಕ್ಕೆ 12 ಗಂಟೆ ತಿರುಗುವ 75 ವ್ಯಾಟಿನ ಹಳೆಯ ಫ್ಯಾನು ತಿಂಗಳಿಗೆ 27 ಯೂನಿಟ್ ತಿಂದರೆ, ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಮೋಟಾರಿರುವ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 10 ಯೂನಿಟ್ ಸಾಕು. ಸ್ಮಾರ್ಟ್ ಮೀಟರಿಗೆ ಕೊಡುವ 5,000 ರೂಪಾಯಿ ಕೈಯಲ್ಲಿದ್ದರೆ, ಹೆಚ್ಚು ಹೊತ್ತು ತಿರುಗುವ ಒಂದೆರಡು ಫ್ಯಾನುಗಳನ್ನು ಬದಲಾಯಿಸುವುದು ಹೆಚ್ಚಿನ ಮನೆಗಳಿಗೆ ಮೇಲೆಂದು ಈ ಲೇಖಕರ ಖಚಿತ ಅಭಿಪ್ರಾಯ.

ಮೂರನೆಯ ಹೆಜ್ಜೆ: ವೈರಿಂಗ್ ಪರೀಕ್ಷೆ

ಮೀಟರ್ ಬದಲಾದ ಮೇಲೆ ಬಿಲ್ ಏರಿತೆಂಬ ದೂರು ದೇಶದ ಹಲವೆಡೆ ಕೇಳಿಬಂದಿದೆ. ಇಂಥ ದೂರುಗಳನ್ನು ಕಲ್ಪನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಮೀಟರ್ ಸರಿಯಿದ್ದೂ ಬಿಲ್ ಏರಲು ಕಾರಣಗಳುಂಟು. ತಿರುಗುವ ತಟ್ಟೆಯ ಹಳೆಯ ಮೀಟರುಗಳು ಸವೆದು, ಸಣ್ಣ ಲೋಡನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಡುತ್ತಿದ್ದವು. ಎಲೆಕ್ಟ್ರಾನಿಕ್ ಮೀಟರ್ ಬಿಡುವುದಿಲ್ಲ. ಎರಡನೆಯದು ಕರೆಂಟ್ ಮರಳಿ ಹೋಗುವ ನ್ಯೂಟ್ರಲ್ ತಂತಿಯದು. ಕಳ್ಳತನ ತಡೆಯಲೆಂದು ಈಗಿನ ಮೀಟರುಗಳು ಕರೆಂಟ್ ಒಳಬರುವ ಫೇಸ್ ಮತ್ತು ನ್ಯೂಟ್ರಲ್ ಎರಡರಲ್ಲೂ ಹರಿಯುವ ಕರೆಂಟನ್ನು ಅಳೆದು, ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಒಂದೇ ಕಟ್ಟಡದಲ್ಲಿ ಮಾಲೀಕರಿಗೊಂದು, ಬಾಡಿಗೆದಾರರಿಗೊಂದು ಮೀಟರಿದ್ದು, ಒಳಗೆ ಎಲ್ಲೋ ಎರಡು ಮನೆಗಳ ನ್ಯೂಟ್ರಲ್ ಕೂಡಿಕೊಂಡಿದ್ದರೆ, ಪಕ್ಕದ ಮನೆಯ ಕರೆಂಟಿನ ಒಂದು ಪಾಲು ನಮ್ಮ ಮೀಟರಿನ ಮೂಲಕ ಹಾದು ನಮ್ಮ ಬಿಲ್ಲಿಗೆ ಸೇರಬಹುದು. ಮನೆಯ ಮೇಲೆ ಮಹಡಿ, ಅದರ ಮೇಲೊಂದು ಕೋಣೆ ಎಂದು ಕಾಲಕಾಲಕ್ಕೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ಕಟ್ಟಡಗಳಲ್ಲಿ ಈ ದೋಷದ ಸಾಧ್ಯತೆ ಹೆಚ್ಚು.

ಇದನ್ನು ಕಂಡುಹಿಡಿಯಲು ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಫ್ರಿಜ್, ಇನ್ವರ್ಟರ್, ವೈಫೈ ಪ್ಲಗ್ಗುಗಳನ್ನು ಕಿತ್ತು, ಮೇನ್ ಸ್ವಿಚ್ಚನ್ನು ಮಾತ್ರ ಹಾಗೇ ಬಿಟ್ಟು, ಹತ್ತು ನಿಮಿಷ ಎಲ್‌ಇಡಿಯನ್ನು ನೋಡಬೇಕು. ಅದು ಮಿನುಗದಿದ್ದರೆ ಚಿಂತೆಯಿಲ್ಲ. ಬಿಟ್ಟುಬಿಟ್ಟು ಮಿನುಗುತ್ತಿದ್ದರೆ, ಮರೆತುಹೋದ ಉಪಕರಣವಿರಬೇಕು, ಇಲ್ಲವೇ ನೆಲಕ್ಕೆ (ಅರ್ಥಿಂಗ್) ಕರೆಂಟಿನ ಸೋರಿಕೆ, ಇಲ್ಲವೇ ಕೂಡಿಕೊಂಡ ನ್ಯೂಟ್ರಲ್ ಇರಬೇಕು. ಅಲ್ಲಿಂದ ಮುಂದಿನದು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರ ಕೆಲಸ. ಮೀಟರಿನ ಸೀಲನ್ನು ಯಾರೂ ಮುಟ್ಟಬಾರದು, ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಕಲಮಿನ ಪ್ರಕರಣವಾಗಬಹುದು. ಮೀಟರೇ ವೇಗವಾಗಿ ಓಡುತ್ತಿದೆಯೆಂಬ ಅನುಮಾನವಿದ್ದರೆ, ಉಳಿದೆಲ್ಲವನ್ನೂ ಆರಿಸಿ, ಬಕೆಟ್ಟಿನ ನೀರಿನಲ್ಲಿ 1500 ವ್ಯಾಟಿನ ಹೀಟರ್ ಕಾಯಿಲನ್ನಿಟ್ಟು ಎಣಿಸಬಹುದು. 3200ರ ಮೀಟರಿನಲ್ಲಿ ನಿಮಿಷಕ್ಕೆ 80 ಮಿನುಗು ಬರಬೇಕು. ವೋಲ್ಟೇಜ್ 230ರ ಬದಲು 207 ಇದ್ದರೆ ಕಾಯಿಲೇ ಕಡಿಮೆ ಎಳೆಯುವುದರಿಂದ 65ರ ಸುಮಾರಿಗೆ ಇಳಿಯುತ್ತದೆ. 80ನ್ನು ಎದ್ದುಕಾಣುವಷ್ಟು ಮೀರಿದರೆ ದೂರು ಕೊಡಲು ಕಾರಣವಿದೆ. ಕಾಯಿಲ್ ಚಾಲೂ ಇರುವಾಗ ನೀರಿಗೆ ಕೈ ಹಾಕಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ನಾಲ್ಕನೆಯ ಹೆಜ್ಜೆ: ಹಣದ ಲೆಕ್ಕ

ತಿಂಗಳಿಗೆ 150 ಯೂನಿಟ್ ಬಳಸುವ ಮನೆಯಲ್ಲಿ ನೂರಕ್ಕೆ ಮೂರರಷ್ಟು ಉಳಿದರೆ ನಾಲ್ಕೂವರೆ ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿಯಂತೆ 27 ರೂಪಾಯಿ. 5,000 ರೂಪಾಯಿ ಮರಳಿ ಬರಲು 15 ವರ್ಷ ಬೇಕು, ಅಷ್ಟು ಕಾಲ ಮೀಟರ್ ಬಾಳುವುದೇ ಅನುಮಾನ. ಆ ಮನೆಗೆ ಗೃಹಜ್ಯೋತಿಯೂ ಇದ್ದರೆ ಉಳಿಸಲು ಬಿಲ್ಲೇ ಇಲ್ಲ. ತಿಂಗಳಿಗೆ 500 ಯೂನಿಟ್ ಬಳಸುವ ಮನೆಯಲ್ಲಿ 90 ರೂಪಾಯಿ ಉಳಿದು, ನಾಲ್ಕೂವರೆ ಐದು ವರ್ಷದಲ್ಲಿ ಹಣ ಹಿಂದಿರುಗಬಹುದು. ಜರ್ಮನಿಯೂ ಹೀಗೊಂದು ಅಳತೆಗೋಲನ್ನು ಹಿಡಿದದ್ದು ಗಮನಾರ್ಹ: 2013ರಲ್ಲಿ ಅಲ್ಲಿ ನಡೆದ ಲಾಭ-ವೆಚ್ಚದ ಅಧ್ಯಯನ, ಸಣ್ಣ ಬಳಕೆದಾರರಿಗೆಲ್ಲ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವುದು ಲಾಭದಾಯಕವಲ್ಲ ಎಂದಿತು, ಬಳಿಕ ಬಂದ ಕಾನೂನು ಕಡ್ಡಾಯದ ಗೆರೆಯನ್ನು ವರ್ಷಕ್ಕೆ 6,000 ಯೂನಿಟ್ಟಿಗೆ, ಅಂದರೆ ತಿಂಗಳಿಗೆ 500ಕ್ಕೆ ಎಳೆಯಿತು.

ಯೂನಿಟ್ಟಿನ ಲೆಕ್ಕವನ್ನು ಮೀರಿದ ಕೆಲವು ಸಂದರ್ಭಗಳಲ್ಲಿ ಸ್ಮಾರ್ಟ್ ಮೀಟರ್ ಖಂಡಿತ ಉಪಯುಕ್ತ. ಬೀಗ ಹಾಕಿದ ಊರಿನ ಮನೆಯಲ್ಲಿ ಕರೆಂಟ್ ಉರಿಯುತ್ತಿದೆಯೇ ಎಂದು ದೂರದಿಂದ ತಿಳಿಯಬೇಕಾದವರಿಗೆ, ವೋಲ್ಟೇಜ್ ಏರಿಳಿತದ ದೂರಿಗೆ ದಾಖಲೆ ಬೇಕಾದವರಿಗೆ ಅದು ನೆರವಾಗುತ್ತದೆ. ಛಾವಣಿಯ ಮೇಲೆ ಸೌರಫಲಕ ಹಾಕಿಸುವವರು ಹೇಗಿದ್ದರೂ ಎರಡೂ ದಿಕ್ಕಿನ ಲೆಕ್ಕ ಹಿಡಿಯುವ ಮೀಟರಿಗೆ ಬದಲಾಗಲೇಬೇಕು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿರುವಾಗ, ಮೀಟರಿನ ಬೆಲೆ ಒಟ್ಟು ವೆಚ್ಚದ ಸಣ್ಣ ಭಾಗವಷ್ಟೆ. ಹಗಲಿಗೊಂದು, ಸಂಜೆಗೊಂದು ದರ ಬಂದರೆ ಲೆಕ್ಕ ಇನ್ನೊಮ್ಮೆ ಬದಲಾಗುತ್ತದೆ. ಕೇಂದ್ರದ 2023ರ ನಿಯಮ ತಿದ್ದುಪಡಿಯು ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ನೂರಕ್ಕೆ 20ರಷ್ಟು ಕಡಿಮೆಯಿರಬೇಕೆಂದು ಹೇಳುತ್ತದೆ; ರಾಜ್ಯದ 2025ರ ದರಪಟ್ಟಿಯಲ್ಲಿ ಗೃಹಬಳಕೆಗೆ ಇರುವುದು ಒಂದೇ ದರ. ನೀರಿನ ಮೋಟಾರು, ಒಗೆಯುವ ಯಂತ್ರ, ವಿದ್ಯುತ್ ವಾಹನದ ಚಾರ್ಜಿಂಗ್ ಎಲ್ಲವನ್ನೂ ಮಧ್ಯಾಹ್ನಕ್ಕೆ ಸರಿಸಬಲ್ಲ ಮನೆಯವರು ಪ್ರತಿವರ್ಷದ ದರ ಆದೇಶವನ್ನು ಗಮನಿಸುತ್ತಿರಬೇಕು.

ಒಪ್ಪುವ ಮುನ್ನ ಕೇಳಬೇಕಾದವು

ಮೀಟರ್ ಪ್ರೀಪೇಯ್ಡೋ ಪೋಸ್ಟ್‌ಪೇಯ್ಡೋ ಎಂಬುದು ಮೊದಲ ಪ್ರಶ್ನೆ. ಪ್ರೀಪೇಯ್ಡ್ ಆದರೆ ವಿದ್ಯುಚ್ಛಕ್ತಿ ಕಾಯ್ದೆಯ 47ನೇ ಕಲಮಿನಂತೆ ಭದ್ರತಾ ಠೇವಣಿ ಕೇಳುವಂತಿಲ್ಲ, ಹಿಂದೆ ಕಟ್ಟಿದ ಠೇವಣಿಯನ್ನು ಏನು ಮಾಡುತ್ತಾರೆಂದು ಲಿಖಿತವಾಗಿ ಕೇಳಿ ಪಡೆಯಬೇಕು. ಆದರೆ ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ 15 ದಿನಗಳ ನೋಟಿಸ್ ಕೊಡಬೇಕೆಂಬ 56ನೇ ಕಲಮಿನ ರಕ್ಷಣೆ, ಮೊದಲೇ ಹಣ ತುಂಬುವ ವ್ಯವಸ್ಥೆಯಲ್ಲಿ ಅದೇ ರೀತಿ ಒದಗುವುದಿಲ್ಲ. ಕೂಲಿ ಹಣ ವಾರಕ್ಕೊಮ್ಮೆ ಕೈಸೇರುವ ಮನೆಗೂ, ಆಮ್ಲಜನಕದ ಯಂತ್ರ ಇಟ್ಟುಕೊಂಡ ರೋಗಿಯಿರುವ ಮನೆಗೂ ಇದು ಸಣ್ಣ ವಿಷಯವಲ್ಲ. 2020ರ ಆಗಸ್ಟ್ 12ರಂದು, ಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶದಲ್ಲಿ ತಪ್ಪು ಆದೇಶವೊಂದರಿಂದ ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರ್ ಮನೆಗಳು ಏಕಕಾಲಕ್ಕೆ ಕತ್ತಲಾದವು. ದೂರದಿಂದ ಕಡಿಯುವ ಸ್ವಿಚ್ ಇರುವಲ್ಲೆಲ್ಲ ಈ ಅಪಾಯವಿದೆ. ಅರ್ಧ ಗಂಟೆಗೊಮ್ಮೆ ದಾಖಲಾಗುವ ಬಳಕೆಯಿಂದ ಮನೆಯಲ್ಲಿ ಜನರಿದ್ದಾರೋ ಇಲ್ಲವೋ ಎಂಬುದೂ ತಿಳಿಯುತ್ತದೆ. ನೆದರ್ಲೆಂಡ್ಸ್‌ನ ಮೇಲ್ಮನೆ 2009ರಲ್ಲಿ ಕಡ್ಡಾಯ ಅಳವಡಿಕೆಯನ್ನು ತಡೆದದ್ದು ಇದೇ ಆತಂಕದಿಂದ. ಆ್ಯಪಿನ ಪಾಸ್‌ವರ್ಡನ್ನು ಅಂಗಡಿಯವರಿಗಾಗಲಿ ಪರಿಚಿತರಿಗಾಗಲಿ ಕೊಡಬಾರದು.

ಗ್ರಾಹಕರ ಪರವಾಗಿಯೂ ನಿಯಮಗಳಿವೆ. ಸ್ಮಾರ್ಟ್ ಮೀಟರ್ ತೋರಿಸಿದ ಗರಿಷ್ಠ ಬೇಡಿಕೆಯ ಆಧಾರದ ಮೇಲೆ, ಅದನ್ನು ಅಳವಡಿಸುವುದಕ್ಕಿಂತ ಹಿಂದಿನ ಅವಧಿಗೆ ದಂಡ ಹಾಕುವಂತಿಲ್ಲ. ಮಂಜೂರಾದ ಲೋಡನ್ನು ಏರಿಸಬೇಕಾದರೂ ಒಂದು ಹಣಕಾಸು ವರ್ಷದಲ್ಲಿ ಕನಿಷ್ಠ ಮೂರು ಬಾರಿ ಮಿತಿ ಮೀರಿರಬೇಕು. ರೀಡಿಂಗ್ ಬಗ್ಗೆ ದೂರು ಕೊಟ್ಟರೆ ಐದು ದಿನದೊಳಗೆ ಹೆಚ್ಚುವರಿ ಮೀಟರ್ ಅಳವಡಿಸಿ, ಕನಿಷ್ಠ ಮೂರು ತಿಂಗಳು ಎರಡನ್ನೂ ಹೋಲಿಸಿ ನೋಡಬೇಕೆಂದು ಕೇಂದ್ರದ ನಿಯಮಗಳ 2024ರ ತಿದ್ದುಪಡಿ ಹೇಳುತ್ತದೆ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯುವುದರ ಜೊತೆಗೆ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬಹುದು.

ಬದಲಾಯಿಸಲು ನಿರ್ಧರಿಸಿದವರು ಸಿಬ್ಬಂದಿ ಬರುವ ದಿನ ತಪ್ಪದೆ ಮನೆಯಲ್ಲಿರಬೇಕು. ಹಳೆಯ ಮೀಟರಿನ ಕ್ರಮಸಂಖ್ಯೆ ಮತ್ತು ಕೊನೆಯ ರೀಡಿಂಗ್ ಒಂದೇ ಚಿತ್ರದಲ್ಲಿ ಕಾಣುವಂತೆ ಫೋಟೊ ತೆಗೆದು, ಹೊಸದರ ಕ್ರಮಸಂಖ್ಯೆ ಹಾಗೂ ಆರಂಭದ ರೀಡಿಂಗಿನದೂ ತೆಗೆದು, ಎರಡೂ ಅಂಕಿಗಳನ್ನು ಬರೆದು ಸಹಿ ಮಾಡಿದ ಚೀಟಿಯನ್ನು ಪಡೆಯಬೇಕು. ಮುಂದಿನ ಬಿಲ್ಲಿನಲ್ಲಿ ಹಳೆಯ ಮೀಟರಿನ ಬಾಕಿ ಯೂನಿಟ್ಟೂ ಹೊಸದರ ಯೂನಿಟ್ಟೂ ಬೇರೆಬೇರೆಯಾಗಿ ನಮೂದಾಗಿವೆಯೇ, ಗೃಹಜ್ಯೋತಿಯ ಅರ್ಹ ಯೂನಿಟ್ ಹಿಂದಿನಷ್ಟೇ ಇದೆಯೇ ಎಂದು ಆ ಚೀಟಿಯೊಂದಿಗೆ ತಾಳೆ ನೋಡಬೇಕು. ಮೊದಲ ಮೂರು ತಿಂಗಳು ನೋಟುಪುಸ್ತಕದ ಲೆಕ್ಕವನ್ನೂ ಆ್ಯಪಿನ ಲೆಕ್ಕವನ್ನೂ ಜೊತೆಜೊತೆಯಾಗಿ ಇಟ್ಟುಕೊಂಡರೆ, ದೂರು ಕೊಡುವ ಪ್ರಸಂಗ ಬಂದಾಗ ಅರ್ಜಿಗೆ ಲಗತ್ತಿಸಲು ಅದೇ ಸಾಕು.